ಸಾಹೇಬರಿಗೆ ಕುರ್ಚಿ ಹಾಕಿದ ಜಾಗ

ತಗ್ಗಿನಹಾಳಕ್ಕೆ ಸರ್ಕಾರದ ಜೀಪು ಬಂದರೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವರು ಸಿದ್ದಪ್ಪನವರು. ಇಪ್ಪತ್ತು ವರ್ಷದ ಹಿಂದೆ ಒಂದೇ ಒಂದು ಅವಧಿಗೆ ಪಂಚಾಯ್ತಿ ಅಧ್ಯಕ್ಷರಾಗಿದ್ದರು. ಆಗ ಹಾಕಿಕೊಂಡ ಟೋಪಿಯನ್ನು ಇನ್ನೂ ಕೆಳಗಿಟ್ಟಿಲ್ಲ. ಹೆಬ್ಬಳ್ಳಿ ರಸ್ತೆಯಲ್ಲಿ ಜೀಪಿನ ಧೂಳು ಕಂಡರೆ ಸಾಕು, ಒಳಗಿನಿಂದ ಹೊಸ ಜಮಖಾನೆ ಬರಬೇಕು, ಸೊಸೆ ಒಲೆ ಹಚ್ಚಬೇಕು. ಬಂದವರು ಏನು ನೋಡಲು ಬಂದಿದ್ದಾರೆ ಎಂಬುದು ಅವರಿಗೆ ಮುಖ್ಯವಲ್ಲ. ಏನೇ ನೋಡಲಿ, ಛಲೋದನ್ನೇ ನೋಡಿ ಹೋಗಬೇಕು.

ಊರಿನ ಬೋರ್‌ವೆಲ್ ನೀರು ಸವಳು ಎಂದು ಜನ ಅರ್ಜಿ ಕೊಟ್ಟ ವರ್ಷ, ಪರೀಕ್ಷಿಸಲು ಬಂದವರಿಗೆ ಸಿದ್ದಪ್ಪನವರು ಧಾರವಾಡದಿಂದ ಕ್ಯಾನಿನಲ್ಲಿ ತರಿಸಿದ ನೀರನ್ನು ತಾಮ್ರದ ತಂಬಿಗೆಯಲ್ಲಿ ಕೊಟ್ಟರು. ಬಂದವರು ಕುಡಿದು, ಬಾಯಿ ಒರೆಸಿಕೊಂಡು, ನೀರು ಸಿಹಿಯಾಗಿದೆ ಎಂದು ಬರೆದುಕೊಂಡು ಹೋದರು. ಇನ್ನೊಂದು ವರ್ಷ ರಸ್ತೆ ನೋಡುವವರು ಬರುತ್ತಾರೆಂದು ತಿಳಿದು, ಹಿಂದಿನ ದಿನವೇ ತಗ್ಗುಗಳಿಗೆಲ್ಲ ಮಣ್ಣು ತುಂಬಿಸಿದರು. ರಸ್ತೆ ಸುಸ್ಥಿತಿಯಲ್ಲಿದೆ ಎಂದಾಗಿ ದುರಸ್ತಿ ಪಟ್ಟಿಯಿಂದ ಊರ ಹೆಸರೇ ಹೋಯಿತು. ಇವೆಲ್ಲ ತಮ್ಮ ಸಾಧನೆ ಎಂದು ಅವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಊರೂ ಹೌದು ಹೌದೆಂದು ಕೇಳಿಸಿಕೊಳ್ಳುತ್ತದೆ, ಸವಳು ನೀರು ಕುಡಿಯುತ್ತ.

ಧಾರವಾಡದಲ್ಲಿ ಓದಿ ಬೆಳೆದು ಈ ಮನೆಗೆ ಸೊಸೆಯಾಗಿ ಬಂದ ಸೌಂದರ್ಯಾಳಿಗೆ ಮೊದಲೆರಡು ವರ್ಷ ಮಾವನವರ ಈ ಚಟ ನಗೆಯ ವಿಷಯವಾಗಿತ್ತು. ಮಗಳು ಸಾನ್ವಿ ಹುಟ್ಟಿದ ಮೇಲೆ ನಗೆ ನಿಂತಿತು. ಸಾನ್ವಿಗೆ ಕಿವಿ ಮಂದ. ಒಂದೂವರೆ ವರ್ಷಕ್ಕೆ ಕಿವಿಗೆ ಮೆಷಿನ್ ಹಾಕಿಸಿದರು. ಮೆಷಿನ್ ಹಾಕಿದ ಮಾತ್ರಕ್ಕೆ ಮಾತು ಬರುವುದಿಲ್ಲ, ಮಗುವನ್ನು ಕೂಡಿಸಿಕೊಂಡು ಒಂದೊಂದು ಸಪ್ಪಳವನ್ನೂ ಕಲಿಸಬೇಕು, ಅದೂ ಎಳೆ ವಯಸ್ಸಿನಲ್ಲೇ ಆಗಬೇಕು ಎಂದು ಹುಬ್ಬಳ್ಳಿಯ ಸುಹಾಸಿನಿ ಮೇಡಂ ಹೇಳಿದ್ದರು. ಮಾತು ಕಲಿಸುವುದೇ ಅವರ ಕೆಲಸ. ತಿಂಗಳಿಗೊಮ್ಮೆ ಅವರಲ್ಲಿಗೆ ಹೋಗುವುದು, ಉಳಿದಂತೆ ಮಂಗಳವಾರ, ಶುಕ್ರವಾರ ಹನ್ನೊಂದಕ್ಕೆ ಫೋನಿನಲ್ಲಿ ವಿಡಿಯೊ ಕ್ಲಾಸು. ಮಗುವಿಗೆ ಆಗಲೇ ಮೂರು ತುಂಬಿತ್ತು. ತಟ್ಟೆ ಬಿದ್ದರೆ ತಿರುಗಿದಳೇ, ಕರೆದರೆ ನೋಡಿದಳೇ, ನೋಡಿದ್ದು ಕೇಳಿಸಿ ನೋಡಿದ್ದೋ ನೆರಳು ಕಂಡು ನೋಡಿದ್ದೋ ಎಂದು ಸೌಂದರ್ಯಾಳಿಗೆ ಇಡೀ ದಿನ ಅದೇ ಚಿಂತೆ.

ಮನೆಯಲ್ಲಿ ಸಿಗ್ನಲ್ ನೆಟ್ಟಗೆ ಬರುವುದಿಲ್ಲ. ಮೇಡಂ ಬಾಯಿ ತೆರೆದಲ್ಲೇ ಚಿತ್ರ ನಿಂತುಬಿಡುತ್ತದೆ, ದನಿ ಹಿಂದಿನಿಂದ ಬರುತ್ತದೆ. ತುಟಿ ಒಂದು ಹೇಳಿದರೆ ಕಿವಿಗೆ ಇನ್ನೊಂದು ಬೀಳುತ್ತದೆ. ಚೆನ್ನಾಗಿ ಕೇಳುವವರಿಗೇ ತಲೆ ಕೆಡುವಾಗ ಆ ಕೂಸು ಏನು ಕಲಿತೀತು? ಊರಲ್ಲಿ ನೆಟ್ ಸಿಗುವುದು ಒಂದೇ ಕಡೆ, ದಿನ್ನೆಯ ಮೇಲಿನ ಹನುಮಪ್ಪನ ಗುಡಿಯ ಕಟ್ಟೆಯಲ್ಲಿ. ಅದಕ್ಕೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಕಿವಿಯ ಮೆಷಿನ್ ಮಾತಿಗಿಂತ ಮೊದಲು ಗಿರಣಿಯನ್ನು ಹಿಡಿದುಕೊಳ್ಳುತ್ತದೆ.

ಇದು ಯಾಕೆ ಹೀಗೆ ಎಂದು ಬಿಡಿಸಿ ಹೇಳಿದವನು ಊರಿಗೆ ಟಿವಿ ಕೇಬಲ್ ಎಳೆದಿದ್ದ ಹುಸೇನಬಾಷಾ. ದೆಹಲಿಯಲ್ಲಿ ಫೋನಿನ ಸಿಗ್ನಲ್ ಹೊತ್ತು ತರುವ ಗಾಳಿಯಲ್ಲಿನ ತರಂಗಗಳನ್ನು ಹರಾಜು ಹಾಕುವಾಗ ಊರೂರಿನದು ಬೇರೆ ಬೇರೆ ಮಾರುವುದಿಲ್ಲವಂತೆ. ಇಡೀ ಕರ್ನಾಟಕದ್ದು ಒಂದೇ ತುಂಡು. ಬೆಂಗಳೂರಿನ ಆಸೆಗೆ ಕೊಂಡ ಕಂಪನಿಗೆ ತಗ್ಗಿನಹಾಳ ಎಂದರೆ ಸೀರೆಯ ಜೊತೆ ಬಂದ ಬ್ಲೌಸ್ ಪೀಸು. ತಾನು ಹೊಲಿಸುವುದಿಲ್ಲ, ಬೇಕೆಂದವರಿಗೆ ಕೊಡುವುದೂ ಇಲ್ಲ, ಟ್ರಂಕಿನ ತಳದಲ್ಲಿ ಮಡಚಿಟ್ಟು ಕೂತಿರುತ್ತದೆ. ಗೋಡೆ ದಾಟಿ ಒಳಗೆ ಬರುವಂಥ ಛಲೋ ತರಂಗಗಳು ಹೀಗೆ ಬೀಗದೊಳಗೆ. ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಸರ್ಕಾರ ಉದಾರವಾಗಿ ಬಿಟ್ಟಿರುವುದು ಮರ ಅಡ್ಡ ಬಂದರೆ ಸತ್ತುಹೋಗುವಂಥದ್ದು. ಹುಸೇನಬಾಷಾ ಲಕಮನಹಳ್ಳಿಯ ಒಂದು ಮಾಳಿಗೆಯಿಂದ ಅದರಲ್ಲೇ ಊರಿಗೆ ನೆಟ್ ತಂದು ನೋಡಿದ್ದ. ಬೇವಿನ ಮರಗಳು ಚಿಗುರಿದ ವಾರ ಅದೂ ಹೋಯಿತು.

"ನಮ್ಮೂರ ಮ್ಯಾಲಿನ ಗಾಳಿ ಮಾರಿ ಆಗೇತ್ರಿ ವೈನಿ," ಎಂದ. "ತಗೊಂಡಾವ ಒಮ್ಮೆನೂ ಊರ ಮುಖಾ ನೋಡಿಲ್ಲ."

ಕೊಂಡವರು ಹಳ್ಳಿಗಳಿಗೂ ಸಂಪರ್ಕ ಕೊಡಬೇಕೆಂಬ ಷರತ್ತು ಇದೆಯಂತೆ. ಆದರೆ ಕೊಟ್ಟಿದ್ದಾರೋ ಇಲ್ಲವೋ ಎಂದು ಅಳೆಯುವುದು ಬೀದಿಯಲ್ಲಿ. ಆ ನಿಯಮ ಬರೆದ ಮಹಾನುಭಾವರು, ಹಳ್ಳಿಯ ಜನಕ್ಕೆ ಮನೆ ಎಂಬುದೊಂದು ಇರುತ್ತದೆ ಎಂದು ಎಲ್ಲಿ ಕೇಳಿರಬೇಕು?

ಸೌಂದರ್ಯಾ ಅರ್ಜಿ ಬರೆದಳು, ಹುಸೇನಬಾಷಾ ಓಣಿ ಓಣಿ ತಿರುಗಿ ಸಹಿ ಮಾಡಿಸಿದ. ಎಂಟು ತಿಂಗಳ ಮೇಲೆ ಉತ್ತರ ಬಂತು: ಇಂಥ ಗುರುವಾರ ತಂಡ ಬಂದು ಅಳೆಯುತ್ತದೆ, ಸಿಗ್ನಲ್ ಸಾಲದೆಂದು ಕಂಡರೆ ಊರು ಹೊಸ ಟವರಿನ ಪಟ್ಟಿಗೆ ಸೇರುತ್ತದೆ. ಸೌಂದರ್ಯಾ ಆ ಕಾಗದವನ್ನು ಎಷ್ಟು ಸಲ ಓದಿದಳೋ. ಬಂದವರನ್ನು ಸೀದಾ ನಮ್ಮ ಓಣಿಗೆ ಕರೆತನ್ನಿ ಎಂದು ಮಾವನವರಿಗೆ ಮೂರು ಸಲ ಹೇಳಿದಳು.

"ಸಾಹೇಬ್ರನ್ನ ಗಟಾರದ ಬಾಜೂಕ ನಿಂದರಸ್ಲೇನವಾ?" ಎಂದರು ಸಿದ್ದಪ್ಪನವರು. "ಊರ ಮರ್ಯಾದಿ ಅಂತ ಒಂದು ಇರತೈತಿ."

"ಇಲ್ಲಿ ಬರೂದಿಲ್ಲ ಅನ್ನೂದನ್ನ ಅವ್ರು ನೋಡ್ಬೇಕ್ರಿ ಮಾವಾರ. ಅದಕ್ಕ ಕರಸೇವಿ."

"ನೋಡ್ತಾರ, ನೋಡ್ತಾರ. ನೀ ಶಿರಾಕ್ಕ ತುಪ್ಪ ಕಡಿಮಿ ಮಾಡಬ್ಯಾಡ."

ಗುರುವಾರ ಅವಳು ಒಲೆಯ ಮುಂದೆಯೇ ಇದ್ದಳು. ಶಿರಾ ಇಳಿಸಿ ಮಿರ್ಚಿ ಕರಿಯುತ್ತಿದ್ದಾಗ ಏನೋ ಒಂದು ಇಲ್ಲವೆನಿಸಿತು. ಗಿರಣಿಯ ಸಪ್ಪಳ ನಿಂತಿತ್ತು. ಕರೆಂಟು ಇದೆ, ತಲೆಯ ಮೇಲೆ ಫ್ಯಾನ್ ತಿರುಗುತ್ತಿದೆ. ಹಾಗಿದ್ದರೆ ಗಿರಣಿ ನಿಲ್ಲಿಸಿದವರು ಯಾರು? ಒಲೆ ಆರಿಸಿ, ಸಾನ್ವಿಯನ್ನು ಎತ್ತಿಕೊಂಡು ದಿನ್ನೆಯ ಕಡೆ ಓಡಿದಳು.

ಹನುಮಪ್ಪನ ಕಟ್ಟೆಯ ಮೇಲೆ ಜಮಖಾನೆ, ಜಮಖಾನೆಯ ಮೇಲೆ ಕುರ್ಚಿ, ಕುರ್ಚಿಯಲ್ಲಿ ಇಬ್ಬರು ಸಾಹೇಬರು, ಅವರ ಕೈಯಲ್ಲಿ ಅಳತೆಯ ಫೋನು. ಸುತ್ತ ಅರ್ಧ ಊರು ಕೈಕಟ್ಟಿ ನಿಂತಿತ್ತು. ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಸಾಹೇಬರ ಮುಂದೆ ನೆಟ್ ತಡವರಿಸಬಾರದು, ಎಲ್ಲರೂ ಫೋನ್ ಬಂದ್ ಮಾಡಿಡಿ ಎಂದು ಸಿದ್ದಪ್ಪನವರು ಬೆಳಿಗ್ಗೆ ತಾವೇ ಮನೆ ಮನೆಗೆ ಹೋಗಿ ಹೇಳಿ ಬಂದಿದ್ದರು, ತಮ್ಮ ಮನೆಯೊಂದನ್ನು ಬಿಟ್ಟು. ಸಾಹೇಬರ ಕಿವಿಗೆ ತೊಂದರೆಯಾಗದಿರಲೆಂದು ಗಿರಣಿ ನಿಲ್ಲಿಸಿದವರೂ ಅವರೇ. ಇಡೀ ಊರಿಗೆ ಹಂಚಿಹೋಗುತ್ತಿದ್ದ ಸಿಗ್ನಲ್ಲು ಸಾಹೇಬರ ಒಂದೇ ಫೋನಿಗೆ ಧುಮುಕಿತ್ತು. ಅಷ್ಟು ವೇಗವನ್ನು ತಗ್ಗಿನಹಾಳ ಅವತ್ತಿನ ತನಕ ಕಂಡಿರಲಿಲ್ಲ. ಚಿಕ್ಕ ಸಾಹೇಬರು ಪರದೆ ತಿರುಗಿಸಿ ತೋರಿಸಿದಾಗ ಜನ ಚಪ್ಪಾಳೆ ಹೊಡೆದರು. ತಮ್ಮ ಕುತ್ತಿಗೆಗೆ ತಾವೇ ಹಗ್ಗ ಬಿಗಿದುಕೊಂಡು ಗಂಟು ಎಷ್ಟು ಚೆಂದ ಎಂದು ಮೆಚ್ಚುವ ಜನ.

ಮನೆ ಇನ್ನೂರು ಹೆಜ್ಜೆ, ಅಲ್ಲಿ ಬಂದು ಒಮ್ಮೆ ಅಳೆಯಿರಿ ಎಂದು ಸೌಂದರ್ಯಾ ಏದುಸಿರಿನಲ್ಲಿ ಕೇಳಿಕೊಂಡಳು. ದೊಡ್ಡ ಸಾಹೇಬರು ಮಗುವಿನ ಕಿವಿಯನ್ನೂ ನೋಡಿದರು, ಗಡಿಯಾರವನ್ನೂ ನೋಡಿದರು.

"ನಮ್ಮ ಫಾರ್ಮಲ್ಲಿ ಮನೆ ಅನ್ನೋ ಕಾಲಮ್ಮೇ ಇಲ್ಲ ಮೇಡಂ," ಎಂದರು.

'ಸಂಪರ್ಕ ಲಭ್ಯವಿದೆ' ಎಂದು ಬರೆದ ಕಾಗದಕ್ಕೆ ಸಾಕ್ಷಿಯಾಗಿ ಸಿದ್ದಪ್ಪನವರು ಸಹಿ ಹಾಕಿದರು. ಕೆಳಗೆ, ಮಾಜಿ ಅಧ್ಯಕ್ಷರು. ಜೀಪು ಹೆಬ್ಬಳ್ಳಿ ಮುಟ್ಟುವ ಮೊದಲೇ ಊರಿನ ಫೋನುಗಳೆಲ್ಲ ಚಾಲೂ ಆಗಿ, ನೆಟ್ಟು ಮತ್ತೆ ತೆವಳತೊಡಗಿತ್ತು. ಸಾಹೇಬರು ಶಿರಾ ಎರಡು ಸಲ ಹಾಕಿಸಿಕೊಂಡರು ಎಂಬ ಸುದ್ದಿ ಮಾತ್ರ ಒಂದು ವಾರ ಚಾಲ್ತಿಯಲ್ಲಿತ್ತು.

ಸೌಂದರ್ಯಾ ಮಾವನವರೊಂದಿಗೆ ಮಾತು ಬಿಟ್ಟಳು. ಲಕಮನಹಳ್ಳಿಯ ಕಾರ್ಖಾನೆಗೆ ಹೋಗುವ ಗಂಡ ಬಸವಪ್ರಭು, ಅಪ್ಪನ ಸ್ವಭಾವ ನಿನಗೆ ಗೊತ್ತೇ ಇದೆಯಲ್ಲ ಎಂದು ಹೇಳಿ ಪಾಳಿಗೆ ಹೋಗಿಬಿಟ್ಟ. ಬೇರೆ ದಾರಿ ಇಲ್ಲದೆ ಅವಳು ಎರಡು ತಿಂಗಳು ಆ ಕಟ್ಟೆಯ ಮೇಲೇ ಕ್ಲಾಸು ನಡೆಸಿದಳು, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು, ಬೆನ್ನಿಗೆ ಗಿರಣಿ.

ಆಮೇಲೆ ಸುಹಾಸಿನಿ ಮೇಡಂ ಹೇಳಿದರು, ಬರುವ ಶುಕ್ರವಾರ ಮಗುವಿನ ಪರೀಕ್ಷೆ. ಎಲ್ಲ ಸಪ್ಪಳಗಳೂ ಕೇಳುತ್ತಿವೆ ಎಂದಾದರೆ ವಾರಕ್ಕೆರಡು ಕ್ಲಾಸು ಬೇಡ, ತಿಂಗಳಿಗೊಂದು ಸಾಕು, ಸರದಿಯಲ್ಲಿ ಬೇರೆ ಮಕ್ಕಳು ಕಾಯುತ್ತಿದ್ದಾರೆ. ಪರೀಕ್ಷೆ ಎಂಬ ಮಾತು ಸಿದ್ದಪ್ಪನವರ ಕಿವಿಗೆ ಬಿತ್ತು. ಅವರ ಕಿವಿ ಚೆನ್ನಾಗಿಯೇ ಇದೆ. ಶುಕ್ರವಾರ ಗಿರಣಿ ನಿಂತಿತು, ಫೋನುಗಳು ಬಂದ್ ಆದವು, ಕಟ್ಟೆಗೆ ಜಮಖಾನೆ ಬಂತು. ಸ್ಟೂಲಿನ ಮೇಲೆ ನಿಲ್ಲಿಸಿದ ಫೋನಿನ ಮುಂದೆ, ಮೇಡಂ ಅವರಿಗೆಂದು ಒಂದು ಕಪ್ ಚಹಾ ಕೂಡ ಇಟ್ಟಿದ್ದರು. ಇವತ್ತೊಂದು ದಿನವಾದರೂ ಗಿರಣಿ ಇಲ್ಲವಲ್ಲ ಎಂದುಕೊಂಡು ಸೌಂದರ್ಯಾ ಮಗುವನ್ನು ಫೋನಿನ ಮುಂದೆ ಕೂಡಿಸಿದಳು.

ಅವಳು ಸಾನ್ವಿಯ ಹಿಂದೆ ಕುಳಿತು, ಫೋನಿನಲ್ಲೂ ತುಟಿ ಕಾಣದಂತೆ ಬಾಯಿಗೆ ಕಾಗದ ಅಡ್ಡ ಹಿಡಿದು, ಮೇಡಂ ಮೊದಲೇ ಬರೆಸಿದ ಪಟ್ಟಿಯಂತೆ ಒಂದೊಂದು ಸಪ್ಪಳ ಮಾಡಬೇಕು. ಕೇಳಿಸಿದರೆ ಮಗು ಡಬ್ಬಿಗೆ ಒಂದು ಮಣಿ ಹಾಕಬೇಕು. ಆ ಎಂದಳು, ಮಣಿ ಬಿತ್ತು. ಮ್ ಎಂದಳು, ಬಿತ್ತು. ಶ್ ಎಂದಳು, ಬಿತ್ತು. ಸಾನ್ವಿಗೆ ಎಂದೂ ಕೇಳಿಸದ ಸ್ ಎಂದಾಗಲೂ ಮಣಿ ಬಿತ್ತು. ಮೇಡಂ ನಕ್ಕರು. ಸೌಂದರ್ಯಾಳ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು ತಲೆ ಎತ್ತಿದಳು. ಫೋನಿನ ಹಿಂದೆ, ಮೇಡಂಗೆ ಕಾಣದಂತೆ, ಮಗುವಿಗೆ ಮಾತ್ರ ಕಾಣುವಂತೆ ಮಾವನವರು ನಿಂತಿದ್ದರು. ಪ್ರತಿ ಸಪ್ಪಳಕ್ಕೂ ಟೋಪಿಯ ತಲೆ ಒಮ್ಮೆ ಅಲ್ಲಾಡುತ್ತಿತ್ತು.

ಎರಡು ತಿಂಗಳ ಮೇಲೆ ಮೊದಲ ಸಲ ಅವರೊಡನೆ ಮಾತಾಡಿದಳು, ದನಿ ಎತ್ತದೆ.

"ಮಾವಾರ, ಈ ಕಡೆ ಬಂದು ಕುಂದರ್ರಿ. ಆಕಿಗೆ ಕೇಳೂದಿಲ್ಲ ಅನ್ನೂದು ಅವ್ರಿಗೆ ಗೊತ್ತಾಗ್ಬೇಕು."

"ಕೂಸು ಫೇಲ್ ಆಗತೈತಲ್ಲವಾ."

"ಫೇಲ್ ಆದ್ರ ಕಲಸ್ತಾರ್ರಿ. ಪಾಸಾದ್ರ ಬಿಟ್ಟು ಹೋಗ್ತಾರ, ಆ ಸಾಹೇಬ್ರು ಹೋದಂಗ."

ಸಿದ್ದಪ್ಪನವರು ಬಂದು ಅವಳ ಹಿಂದೆ ಕುಳಿತರು. ಪರೀಕ್ಷೆ ಮೊದಲಿನಿಂದ ನಡೆಯಿತು. ಶ್ ಎಂದಾಗ ಸಾನ್ವಿ ಮಣಿ ಹಿಡಿದುಕೊಂಡೇ ಕುಳಿತಿದ್ದಳು. ಸ್ ಎಂದಾಗಲೂ ಕುಳಿತಿದ್ದಳು. ಅಜ್ಜ ಎಲ್ಲಿ ಎಂದು ಫೋನಿನ ಹಿಂದೆ ಹುಡುಕಿದಳು. ಮೇಡಂ ಮತ್ತೆ ನಗಲಿಲ್ಲ. ವಾರಕ್ಕೆ ಎರಡು ಕ್ಲಾಸು ಮುಂದುವರಿಯಲಿ ಎಂದು ಬರೆದುಕೊಂಡರು. ಚಹಾ ಕೆನೆಗಟ್ಟಿತ್ತು.

ಮರುವಾರ ಸೌಂದರ್ಯಾ ಇನ್ನೊಂದು ಅರ್ಜಿ ಬರೆದಳು, ಮನೆಯೊಳಗೆ ಬಂದು ಅಳೆಯಬೇಕೆಂದು ಎರಡು ಕಡೆ ಗೆರೆ ಎಳೆದು. ಮೊದಲ ಸಹಿ ಸಿದ್ದಪ್ಪನವರೇ ಹಾಕಿದರು, ಈ ಸಲ ಸಾಹೇಬರನ್ನು ನಮ್ಮ ಅಡುಗೆಮನೆಯಲ್ಲೇ ಕೂಡಿಸೋಣ ಎಂದರು. ಸಹಿಯ ಕೆಳಗೆ ಮಾಜಿ ಅಧ್ಯಕ್ಷರು ಎಂದು ಬರೆದು ಮುಗಿಸಿ, ಶಿರಾಕ್ಕೆ ಗೋಡಂಬಿಯನ್ನು ಈಗಲೇ ತರಿಸಿಡಬೇಕೇ ಎಂದು ಕೇಳಿದರು. ಸೌಂದರ್ಯಾ ಅವರ ಕೈಯಿಂದ ಪೆನ್ನು ತೆಗೆದುಕೊಂಡಳು.