ಸವಳು ಮಣ್ಣಿನಡಿಯ ಕೇಬಲ್

ಮೇ 24, ಶನಿವಾರ, ಬೆಳಿಗ್ಗೆ ಏಳೂವರೆ. ರಾಯಚೂರಿನಿಂದ ತಂದ ನೆಟ್‌ವರ್ಕ್ ಕೇಬಲ್ಲಿನ ಸುರುಳಿ ಬಿಚ್ಚಿದೆ ಎಂದು ದಿನಚರಿಯ ಅಂದಿನ ಪುಟದಲ್ಲಿ ಬರೆದಿದ್ದೇನೆ.

ನನಗೊಂದು ಕೆಲಸ ಸಿಕ್ಕಿತ್ತು. ದೇವದುರ್ಗದ ನಮ್ಮ ಮನೆಯಲ್ಲೇ ಕುಳಿತು, ಕಂಪ್ಯೂಟರಿನ ಮೂಲಕ ಗ್ರಾಹಕರ ಕರೆಗಳಿಗೆ ಉತ್ತರ ಕೊಡುವುದು. ಜೂನ್ ತಿಂಗಳು ಪೂರ್ತಿ ಪರೀಕ್ಷೆಯ ಅವಧಿ. ಷರತ್ತು ಎರಡು: ವೈಫೈ ನಡೆಯದು, ಸಂಪರ್ಕ ಕೇಬಲ್ಲಿನದೇ ಆಗಬೇಕು; ಕೋಣೆಯಲ್ಲಿ ಬೇರೆಯವರ ದನಿ ಕೇಳಬಾರದು.

ಇಂಟರ್ನೆಟ್ಟಿನ ಡಬ್ಬಿ ಇರುವುದು ಬೀದಿ ಕಡೆಯ ಪಡಸಾಲೆಯಲ್ಲಿ. ಅಲ್ಲಿ ಅಪ್ಪನ ಹೊಲಿಗೆ ಯಂತ್ರ, ಅದರ ಸುತ್ತ ದಿನವಿಡೀ ಜನ. ಸದ್ದಿಲ್ಲದ ಕೋಣೆ ಹಿಂದೆ. ನಡುವೆ ದೊಡ್ಡಪ್ಪನ ಪಾಲು. ಮನೆ ಹಂಚಿಕೊಂಡಾಗ ನಡುವಿನ ಬಾಗಿಲುಗಳಿಗೆ ಕಲ್ಲು ಕಟ್ಟಿಬಿಟ್ಟರು. ಹಿಂದಿನ ಕೋಣೆಗೆ ನಾವು ಓಣಿ ಸುತ್ತಿ ಹೋಗುತ್ತೇವೆ. ಹಂಚದೆ ಉಳಿದದ್ದು ಮೇಲಿನ ಮಣ್ಣಿನ ಚಾವಣಿ, ಮಾಳಿಗೆಯೊಂದೇ.

ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಯ ಮೇಲೆ ಉಪ್ಪಿನಂಶದ ಸವಳು ಮಣ್ಣು ಹಾಕುತ್ತಾರೆ. ನೀರು ಕೆಳಗಿಳಿಯದಂತೆ ಅದು ಬಿಗಿದುಕೊಳ್ಳುತ್ತದೆ. ಆ ವಾರ ಅಪ್ಪ, ದೊಡ್ಡಪ್ಪ ಇಬ್ಬರೂ ಅದೇ ಕೆಲಸದಲ್ಲಿದ್ದರು. ಕೇಬಲ್ ಬಯಲಲ್ಲಿದ್ದರೆ ಮಂಗ ಬಿಡುವುದಿಲ್ಲ, ಮಣ್ಣಿನಡಿ ಇರಲಿ ಎಂದವರು ದೊಡ್ಡಪ್ಪನೇ. ಪಡಸಾಲೆಯ ಬೆಳಕಿಂಡಿಯಿಂದ ಹಿಂದಿನ ಕೋಣೆಯ ಬೆಳಕಿಂಡಿಗೆ ಎಳೆದರು. ಮೇಲೆ ಸವಳು ಹರಡಿ ಇಬ್ಬರೂ ತುಳಿದರು. ಸಂಜೆ ಕಂಪ್ಯೂಟರಿಗೆ ಚುಚ್ಚಿದಾಗ ಹಸಿರು ದೀಪ ಹತ್ತಿತು. ದೊಡ್ಡಪ್ಪ ನಮ್ಮ ಕೋಣೆಯೊಳಗೆ ಬಂದು ನೋಡಿದರು. ನನಗೆ ನೆನಪಿರುವಂತೆ ಅದು ಮೊದಲ ಸಲ.

ಜೂನ್ 8ಕ್ಕೆ ಮೊದಲ ಮಳೆ ಬಿತ್ತು. ಮರುದಿನ ದೀಪ ಹತ್ತಲಿಲ್ಲ. ಕೇಬಲ್ ಜೋಡಿಸಿಲ್ಲ ಎಂದು ಪರದೆ ಹೇಳುತ್ತಿತ್ತು. ಕಂಪ್ಯೂಟರನ್ನೇ ಪಡಸಾಲೆಗೆ ಹೊತ್ತುಕೊಂಡು ಹೋಗಿ, ಒಂದು ಗಿಡ್ಡ ಕೇಬಲ್ ಹಾಕಿ ನೋಡಿದೆ. ಸಂಪರ್ಕ ಬಂತು. ಕೆಟ್ಟಿದ್ದು ಮಾಳಿಗೆಯ ಕೇಬಲ್ಲೇ.

ಮಾನ್ವಿಯಿಂದ ಲೈನ್ ರಿಪೇರಿಯವರು ಬಂದರು. ಎರಡೂ ತುದಿಯ ಪ್ಲಗ್ ಬದಲಿಸಿದರು. ದೀಪ ಹತ್ತಲಿಲ್ಲ.

"ಕಂಬದ ಮ್ಯಾಲಿನ ವಾಯರ್ ನೋಡೀನಿ, ನೆಲದಾಗಿನದೂ ನೋಡೀನಿ. ಮಾಳಿಗಿ ಮ್ಯಾಲೆ ಬಿತ್ತಿದ್ದು ಇದ ಮೊದಲ ನೋಡಾಕತ್ತೀನಿ" ಎಂದರು. "ಮೊಳಕಿ ಬಂದ್ರ ಹೇಳ್ರಿ."

ಒಳಗೆ ನೀರು ಹೊಕ್ಕಿರಬೇಕು, ಎಲ್ಲಿ ಎಂದು ತಮಗೂ ತಿಳಿಯದು ಎಂದು ಹೇಳಿ ಹೋದರು. ರಾಯಚೂರಿಗೆ ಹೋಗಿ ಇನ್ನೊಂದು ಕೇಬಲ್ ತಂದು ಮಣ್ಣಿನ ಮೇಲೆಯೇ ಹಾಸಿದೆವು. ಎರಡನೆಯ ದಿನ ಮಂಗಗಳು ಅದನ್ನು ಎಳೆದಾಡಿ ಹರಿದವು. ಪೈಪಿನೊಳಗೆ ಹಾಕೋಣವೆಂದರೆ, ಅದು ನೀರು ಹರಿಯುವ ದಾರಿಗೆ ಅಡ್ಡವಾಗಿ ಮಾಳಿಗೆ ಸೋರುತ್ತದೆ. ಅಗೆದು ನೋಡೋಣವೇ ಎಂದು ಕೇಳಲು ದೊಡ್ಡಪ್ಪನ ಬಳಿಗೆ ನಾನೇ ಹೋದೆ. ಅವರು ಬೈಯಲಿಲ್ಲ.

"ಯವ್ವಾ, ಇಲ್ಲೇ ಕೆಟ್ಟದ ಅಂತ ಒಂದು ಜಾಗ ತೋರ್ಸು. ಅಷ್ಟು ನಾನ ತಗದು ಕೊಡ್ತೀನಿ. ಪೂರ್ತಿ ಬಗದ್ರ ನಿಮ್ಮ ದೊಡ್ಡವ್ವ ಮಳ್ಯಾಗ ಮಲಗಬೇಕಾಗ್ತದ."

ಆ ಒಂದು ಜಾಗವನ್ನು ನಾನು ಎಲ್ಲಿಂದ ತೋರಿಸಲಿ?

ಜೂನ್ 14ಕ್ಕೆ ಕಂಪನಿಯಿಂದ ಸಂದೇಶ ಬಂತು. ನನ್ನ ಸಂಪರ್ಕ ನೆಚ್ಚುವಂತಿಲ್ಲ, ಪರೀಕ್ಷೆಯ ಅವಧಿ ಮುಗಿಸಿದ್ದೇವೆ ಎಂದಿತ್ತು. ಆರು ದಿನ ಕೆಲಸ ಮಾಡಿದ್ದೆ. ಮುಂದೆ ಮತ್ತೆ ಅರ್ಜಿ ಹಾಕಬಹುದು ಎಂದೂ ಇತ್ತು. ಎಲ್ಲರಿಗೂ ಹಾಗೇ ಬರೆಯುತ್ತಾರೇನೋ. ದೀಪಾವಳಿ ಮುಗಿದು ಮಣ್ಣು ಒಣಗಲಿ, ಆಗ ಅಗೆಯೋಣ ಎಂದು ಅಪ್ಪ ಹೇಳಿದರು. ಅಷ್ಟು ದಿನ ಕಂಪನಿಯಲ್ಲಿ ನನ್ನ ಜಾಗವನ್ನು ಯಾರು ಖಾಲಿ ಇಡುತ್ತಾರೆ?

ಮಣ್ಣಿನಡಿಯ ಕೇಬಲ್ ಎಲ್ಲಿ ಕೆಟ್ಟಿದೆ ಎಂಬುದನ್ನು ಅಗೆಯದೆ ತಿಳಿಯುವ ದಾರಿ ಬಲ್ಲವರಿದ್ದರೆ ದಯವಿಟ್ಟು ಬರೆಯಿರಿ. ಸವಳು ಉದ್ದಕ್ಕೂ ತಿಂದುಹಾಕಿರುತ್ತದೆ, ಹುಡುಕಿ ಫಲವಿಲ್ಲ ಎಂದು ಖಾತ್ರಿಯಾಗಿ ಗೊತ್ತಿದ್ದರೆ ಅದನ್ನೂ ಬರೆಯಿರಿ.