ಕದಲದ ಚಿಟ್ಟೆ

ಮೊಣಕಾಲು ಒದ್ದೆ ಮಣ್ಣಿನಲ್ಲಿ ಹೂತಿದೆ, ಕಣ್ಣು ಕ್ಯಾಮೆರಾಕ್ಕೆ ಅಂಟಿದೆ. ಬಿಳಿ ಸೇವಂತಿಗೆಯ ಪಾತಿಯಲ್ಲಿ, ರಾತ್ರಿಯ ಚಳಿಗೆ ಮರಗಟ್ಟಿದ ಚಿಟ್ಟೆಯೊಂದು ಎಳೆಬಿಸಿಲಿಗೆ ಇನ್ನೇನು ರೆಕ್ಕೆ ಬಿಚ್ಚಬೇಕು. ಮೈ ಕಾಯಿಸಿಕೊಂಡು ಅದು ಹಾರುವಷ್ಟರಲ್ಲಿ ಚಿತ್ರ ತೆಗೆಯಬೇಕು. ಆಮೇಲೆಯೇ ನೀರಿನ ಪೈಪು ಕೈಗೆ. ತೋಟದ ಕೆಲಸದ ಈ ಹೆಂಗಸು ದಿನವೂ ಎಲ್ಲರಿಗಿಂತ ಮೊದಲೇ ಬಂದು ಮಂಡಿಯೂರುವುದು ಇದಕ್ಕೇ.

"ನೀರು ಬಿಟ್ರೆ ಎಲ್ಲಾ ಎದ್ದು ಹೋಗ್ತಾವೆ. ಬೆಳಬೆಳಗ್ಗೆ ಎಬ್ಬಿಸಿದ್ರೆ ಹುಳಕ್ಕೂ ಸಿಟ್ಟು ಬರುತ್ತೆ, ನಮ್ಮನೆಯವರ ಹಾಗೇ," ಎಂದು ನಗುತ್ತಾಳೆ.

ಕ್ಯಾಮೆರಾ, ಮುಚ್ಚಿಹೋದ ಸ್ಟುಡಿಯೋದವರು ಕೊಟ್ಟ ಹಳೆಯದು. ಹರಿದ ಪಟ್ಟಿಯ ಜಾಗದಲ್ಲಿ ದಿಂಬಿನ ಚೀಲದ ಅಂಚು ಹೊಲಿದಿದ್ದಾಳೆ. ತೋಟ ನೋಡಲು ಬರುವವರಿಗಾಗಿ ಗೇಟಿನ ಪಕ್ಕದ ಬೋರ್ಡಿನಲ್ಲಿ ವರ್ಷಕ್ಕೊಮ್ಮೆ ಬದಲಾಗುವ ಚಿಟ್ಟೆ, ದುಂಬಿ, ಏರೋಪ್ಲೇನ್ ಚಿಟ್ಟೆಗಳ ಚಿತ್ರಗಳೆಲ್ಲ ಇಲ್ಲಿಯವರೆಗೆ ಆಕೆ ತೆಗೆದವೇ. ದುಂಬಿಯ ಮೈಮೇಲಿನ ರೋಮವೂ ಕಾಣಲೆಂದು ಚಿತ್ರವನ್ನು ಕಣ್ಣಿನ ಮಟ್ಟಕ್ಕೇ ಕಟ್ಟಿಸುತ್ತಾಳೆ. ತೆಗೆದವರು ಯಾರೆಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ.

ಈ ವರ್ಷ ಕೆಳಗೆ ಹೆಸರು ಹಾಕಿಸುತ್ತಾರಂತೆ. ಆದರೆ ತೋಟದ ಸಾಹೇಬರು ಆರಿಸಿರುವ ಚಿತ್ರ ಓರಗಿತ್ತಿಯದು. ಮೈದುನನ ಹೆಂಡತಿಯಾದ ಅವಳು ಗೇಟಿನಲ್ಲಿ ಟಿಕೆಟ್ ಕೊಡುತ್ತಾಳೆ. ಮಧ್ಯಾಹ್ನ ಊಟ ಮುಗಿಸಿ ಅಡ್ಡಾಡುವಾಗ ಮೊಬೈಲಿನಲ್ಲಿ ತೆಗೆದದ್ದು.

ಬೇಸರವೇ ಎಂದು ಕೇಳಿದರೆ, "ಹೊಟ್ಟೆಕಿಚ್ಚಾ? ನಂಗಾ? ಇಲ್ಲಪ್ಪ," ಅನ್ನುತ್ತಲೇ ಕಳೆಯೊಂದನ್ನು ಬೇರುಸಮೇತ ಕಿತ್ತೆಸೆಯುತ್ತಾಳೆ. ಇನ್ನೊಂದು ಕಳೆಗೆ ಕೈ ಹಾಕಿ, "ಇದೆ. ಯಾಕಿರಬಾರದು? ಮಂಡಿ ಸವೆದದ್ದು ನಂದು!"

ಅಷ್ಟರಲ್ಲಿ ಓರಗಿತ್ತಿ ತನ್ನ ಚಿತ್ರ ಅಚ್ಚಾದ ಕಾಗದ ಬೀಸುತ್ತಾ ಬರುತ್ತಾಳೆ. "ಅಕ್ಕಾ, ಸಾಹೇಬ್ರು ನಿಂಗೆ ತೋರಿಸು ಅಂದ್ರು. ನೀನು ಹೂಂ ಅಂದ್ರೆ ಇವತ್ತೇ ದೊಡ್ಡದು ಮಾಡಿಸ್ತಾರಂತೆ."

ಬಿಳಿ ಸೇವಂತಿಗೆಯ ಮೇಲೆ ಹಳದಿ ಚಿಟ್ಟೆ. ಚೆನ್ನಾಗಿಯೇ ಇದೆ, ಹಾಳಾದ್ದು.

"ಎಷ್ಟೊತ್ತು ಕಾದೆ?"

"ಕಾಯೋದೇನು ಬಂತು? ಮೂತಿ ಹತ್ರ ಮೊಬೈಲು ಹಿಡಿದ್ರೂ ಕದಲಲಿಲ್ಲ. ಕೈಗುಣ ಅಂದ್ರೆ ಇದು! ನಿನ್ನ ಕಂಡ್ರೆ ಹಾರಿಹೋಗ್ತಾವಲ್ಲ, ಬೈತೀಯೇನೋ."

ಮಧ್ಯಾಹ್ನದ ಬಿಸಿಲಿನಲ್ಲಿ ಚಿಟ್ಟೆ ಕದಲದೆ ಕೂರುವುದುಂಟೆ? ಆಕೆ ಕಾಗದವನ್ನು ಕಣ್ಣಿನ ಹತ್ತಿರ ತರುತ್ತಾಳೆ. ಚಿಟ್ಟೆಯ ಕತ್ತಿನ ಕೆಳಗೆ, ಎಸಳುಗಳ ನಡುವೆ ಎಸಳಿನಂತೆಯೇ ಎರಡು ಬಿಳಿ ಕಾಲು. ಹೂವಿನ ಬಣ್ಣ ಹೊತ್ತು ಹೊಂಚು ಹಾಕುವ ಜೇಡ. ಚಿಟ್ಟೆಯ ಪ್ರಾಣ ಆಗಲೇ ಹೋಗಿದೆ.

ಒಂದು ಮಾತು ಸಾಕು. ಹೆಣದ ಚಿತ್ರವನ್ನು ಸಾಹೇಬರು ಗೇಟಿಗೆ ಹಾಕಿಸುವವರಲ್ಲ. ಆಗ ಬೋರ್ಡೂ ತನ್ನದು, ಹೆಸರೂ ತನ್ನದು. ಮಾತು ನಾಲಿಗೆಯ ತುದಿಗೆ ಬಂದು ಕೂರುತ್ತದೆ.

"ಹೇಳಕ್ಕಾ, ಏನಾದ್ರೂ ತಪ್ಪಿದೆಯಾ?" ಓರಗಿತ್ತಿಯ ನಗು ಆರಿದೆ. "ಮದುವೆ ಕಾಗದ ಬಿಟ್ರೆ ನನ್ನ ಹೆಸರು ಇನ್ನೆಲ್ಲೂ ಅಚ್ಚಾಗಿಲ್ಲ ಕಣಕ್ಕಾ."

ತನ್ನದೂ ಅಷ್ಟೇ. ಆಕೆ ಕಾಗದ ಮರಳಿಸಿ ಪೈಪು ಎತ್ತಿಕೊಳ್ಳುತ್ತಾಳೆ.

"ಹೂಂ, ಮಾಡಿಸ್ಲಿ. ಆದ್ರೆ ಈ ಸಲ ಎತ್ತರಕ್ಕೆ ಕಟ್ಟಿಸೋಕೆ ಹೇಳು. ಕೆಳಗಿದ್ರೆ ಮಕ್ಕಳು ಗೀಚ್ತಾವೆ."

ಅಷ್ಟು ಎತ್ತರದಲ್ಲಿ ಜೇಡನ ಕಾಲು ಯಾರ ಕಣ್ಣಿಗೂ ಬೀಳದು. ಓರಗಿತ್ತಿಯ ಹೆಸರೂ ಅಷ್ಟು ಸುಲಭಕ್ಕೆ ಬೀಳದು. ಎರಡನ್ನೂ ಆಕೆ ಯಾರಿಗೂ ಹೇಳುವುದಿಲ್ಲ.