‘ಹೋಗ್ತೀನಿ’ ಎನ್ನಬಾರದ ಮನೆ

ಸಿಂಧನೂರಿನ ನಮ್ಮ ಓಣಿಯಲ್ಲಿ ಗುರುಲಿಂಗಮ್ಮನ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎಂದರೆ ಕೆಟ್ಟರು. ಬೀಗರಾಗಲಿ, ಹಾಲಿನವನಾಗಲಿ, ಮತ್ತೆ ಒಳಗೆ ಕರೆದು ಕೂಡಿಸಿ, ನೀರು ಕುಡಿಸಿ, ‘ಹೋಗಿ ಬರ್ತೀನಿ’ ಎನ್ನಿಸಿಯೇ ಕಳಿಸುತ್ತಿದ್ದಳು. ಮಾತು ಕಡಿಮೆ, ಹಟ ಜಾಸ್ತಿ. ಓಣಿಯವರು ಬೆನ್ನ ಹಿಂದೆ ನಗುತ್ತಿದ್ದರು. ನಾನೂ ನಕ್ಕವನೇ.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಗುರುಲಿಂಗಮ್ಮನ ತೊಡೆಯ ಎಲುಬು ಮುರಿಯಿತು. ಆಪರೇಷನ್ ಆಯಿತು, ಆದರೆ ಮುದುಕಿ ಕಾಲೂರಲು ಒಲ್ಲೆ ಎಂದಳು. ಬೇಗ ನಡೆಯದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿಬಿಟ್ಟರು. ಅವಳ ಮಹಡಿಯಲ್ಲಿ ಬಾಡಿಗೆಗಿದ್ದ ಮಾರ್ತಾ ಸ್ಪೇನಿನವಳು. ಸಂಸ್ಥೆಯೊಂದರಿಂದ ಬಂದು ಹಳ್ಳಿಯ ಮಕ್ಕಳಿಗೆ ಕೈಕಾಲಿನ ವ್ಯಾಯಾಮ ಮಾಡಿಸುತ್ತಿದ್ದಳು, ನಮ್ಮ ಮಾತನ್ನೂ ಅಷ್ಟಿಷ್ಟು ಕಲಿತಿದ್ದಳು. ಅವಳೇ ದಿನಾ ಸಂಜೆ ಮುದುಕಿಯನ್ನು ಎಬ್ಬಿಸಿ ನಿಲ್ಲಿಸತೊಡಗಿದಳು.

ಮುದುಕಿ ಕೆಳಗಿನಿಂದ ಕರೆದಾಗಲೆಲ್ಲ ಮಾರ್ತಾ ಮೇಲಿನಿಂದ ತನ್ನ ಭಾಷೆಯಲ್ಲಿ “ಬೊಯ್, ಬೊಯ್” ಎನ್ನುತ್ತಿದ್ದಳು. ಒಂದು ದಿನ ಮುದುಕಿ ಅರ್ಥ ಕೇಳಿದಳು.

“ಹೋಗ್ತೀನಿ ಅಂತ, ಅಮ್ಮಾ.”

ಅಂದಿನಿಂದ ಮುದುಕಿ ಕರೆಯುವುದನ್ನೇ ಬಿಟ್ಟಳು. ಮಾರ್ತಾ ತಾನಾಗಿ ಬಂದರೂ ಗೋಡೆಯ ಕಡೆ ಹೊರಳಿದಳು. ಸೊಸೆ ಶಿವಕುಮಾರಿಗೆ ತಡೆಯಲಾಗಲಿಲ್ಲ.

“ಅತ್ತಿ, ಹಿಂಗ ಮುನಿಸ್ಕೊಂಡ್ರ ಕಾಲು ಕಳ್ಕೊಳ್ಳೋರು ನೀವ. ಆಕಿ ಏನ್ ಮಾಡ್ಯಾಳ?”

ಮುದುಕಿ ಗೋಡೆಗೇ ಹೇಳಿದಳು: “ನಿಮ್ಮ ಮಾವನೂ ಹೋಗ್ತೀನಿ ಅಂತನ ಹೋದ್ರು. ವಳಕಮದಿನ್ನಿ ಹಳ್ಳ್ಯಾಗಿನ ನಮ್ಮ ಗದ್ದಿಗೆ ನೀರು ಬಿಡಾಕ. ನನ್ನ ಕೈಯೆಲ್ಲಾ ರೊಟ್ಟಿ ಹಿಟ್ಟಾಗಿತ್ತು. ತಿರುಗಿ ಕರ್ದು ಕೂಡಸಲಿಲ್ಲ ನಾ.”

ಗಂಡ ಅಮರಗುಂಡಪ್ಪ ಅಂದು ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಸತ್ತಿದ್ದ. ಆ ಸಾವನ್ನು ಇವಳು ಇಷ್ಟು ವರ್ಷ ತನ್ನ ತಲೆಗೇ ಕಟ್ಟಿಕೊಂಡಿದ್ದಳು. ನಗುತ್ತಿದ್ದ ನಮಗೆ ಇದೆಲ್ಲಿ ಗೊತ್ತು? ಶಿವಕುಮಾರಿ ಆಮೇಲೆ ಹೇಳಿದಾಗ ನನಗೆ ನಾಚಿಕೆಯಾಯಿತು.

ಅಂದು ಅಲ್ಲೇ ನಿಂತು ಕೇಳಿಸಿಕೊಂಡ ಮಾರ್ತಾ ಮಂಚದ ಪಕ್ಕ ನೆಲದ ಮೇಲೆ ಕುಳಿತು ಬಿಡಿಸಿ ಹೇಳಿದಳು. ಅವರ ಊರಲ್ಲಿ ಯಾರಾದರೂ ಕರೆದರೆ ‘ಬಂದೆ’ ಎನ್ನುವುದಿಲ್ಲ. ನಿಂತ ಜಾಗ ಬಿಟ್ಟು ಕರೆದವರ ಹತ್ತಿರ ಹೋಗಬೇಕಲ್ಲ, ಅದಕ್ಕೆ ‘ಹೋಗ್ತೀನಿ’ ಎನ್ನುತ್ತಾರೆ. ತಾಯಿ ಊಟಕ್ಕೆ ಕರೆದಾಗ ಅವಳು ಅನ್ನುವುದೂ ಅದೇ, ಅಪ್ಪ ಕೆಲಸಕ್ಕೆ ಹೊರಡುವಾಗ ಅನ್ನುವುದೂ ಅದೇ.

ಮುದುಕಿ ಈ ಕಡೆ ಹೊರಳಿದಳು. “ಹಂಗಂದು ಹೊರಗ ಹೋದವ್ರು?”

“ಸಂಜಿಗೆ ಬರ್ತಾರ.”

“ಎಲ್ಲಾರೂ?”

ಮಾರ್ತಾ ಸುಳ್ಳು ಹೇಳಲಿಲ್ಲ. “ಸಾಯೋರು ಸಾಯ್ತಾರ, ಅಮ್ಮಾ. ಆ ಮಾತಿನಿಂದ ಅಲ್ಲ.”

ಗುರುಲಿಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಸೊಸೆಯೂ ಅತ್ತಳು.

“ಹಂಗಾದ್ರ ಅವ್ರನ್ನ ನಾ ಕೊಂದಿಲ್ಲ,” ಎಂದಳು ಕಡೆಗೆ. ಆಮೇಲೆ ಎದ್ದು ನಿಲ್ಲಲು ಮಾರ್ತಾಳ ಕಡೆ ಕೈ ಚಾಚಿದಳು.